ಕಲ್ಪಿತ ಲೋಕದ ಹೇತು ಮತ್ತು ಪ್ರಯೋಜನ

ಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ತಿಳಿಸಿದಾಗ, ಷಟ್ಪದಿಯ ಲಕ್ಷಣವನ್ನೋ ಕಾರಕ ವಿಚಾರವನ್ನೋ ಕುರಿತು ನಾಲ್ಕು ಪುಟ ಬರೆದು ಒಪ್ಪಿಸುವುದು ಈ ಲೇಖಕನಿಗೆ ಕಷ್ಟವೇನೂ ಆಗಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷಗಳಿಂದ ತೀರಿಸದೆ ಉಳಿದ ಋಣವೊಂದು ನನ್ನ ಮೇಲಿದೆ. ವಿದ್ಯಾರ್ಥಿಯೊಬ್ಬನಿಗೆ ಕೊಡಬೇಕಾಗಿದ್ದ ಉತ್ತರವನ್ನು ನಾನು ಆಗ ಕೊಡಲಿಲ್ಲ. ಈ ಸಂಪುಟವು ಅಧ್ಯಾಪಕ ಮಿತ್ರರ ಕೈಗೂ ಹಳೆಯ ವಿದ್ಯಾರ್ಥಿಗಳ ಕೈಗೂ ಹೋಗುವುದರಿಂದ, ಆ ಉತ್ತರವನ್ನು ಇಲ್ಲಿಯೇ ಬರೆಯುವುದು ಉಚಿತವೆಂದು ಭಾವಿಸಿದ್ದೇನೆ.

ಆತನು ಆಗ ಒಂಬತ್ತನೆಯ ತರಗತಿಯಲ್ಲಿದ್ದನು. ಮಧ್ಯಾಹ್ನದ ಬಿಡುವಿನಲ್ಲಿ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತಂದು, "ಸರ, ಇದನ್ನೊಂದೀಟು ನೋಡ್ರಿ" ಎಂದು ಮೇಜಿನ ಮೇಲಿಟ್ಟನು. ತೆರೆದು ನೋಡಿದರೆ, ಬಣ್ಣದ ಪೆನ್ಸಿಲಿನಿಂದ ಬರೆದ ಒಂದು ದೇಶದ ನಕ್ಷೆ. ಭೂಪಟದಲ್ಲಿ ಎಲ್ಲಿಯೂ ಇಲ್ಲದ ದೇಶ. ಅದರಲ್ಲಿ ಏಳು ರಾಜ್ಯಗಳು, ಒಂದೊಂದಕ್ಕೂ ಧ್ವಜ, ನಾಣ್ಯ, ರಾಜರ ವಂಶಾವಳಿ. ಆಕಾಶದಲ್ಲಿ ಮೂರು ಚಂದ್ರರು. ರೆಕ್ಕೆಯುಳ್ಳ ಕುದುರೆಗಳ ಹನ್ನೊಂದು ತಳಿಗಳು. ಪುಟ ತಿರುವಿದಷ್ಟೂ ಹೆಸರುಗಳು. ಕಥೆ ಮಾತ್ರ ಎಲ್ಲಿಯೂ ಕಾಣಲಿಲ್ಲ. ನಾನು ಪುಸ್ತಕವನ್ನು ಮುಚ್ಚಿ, "ಇದರಿಂದ ಏನು ಪ್ರಯೋಜನ, ತಮ್ಮಾ? ಮೊದಲು ಸಮಾಸ ಬಿಡಿಸೋದು ಕಲಿ" ಎಂದೆನು. ಅವನು ಅದನ್ನು ತೆಗೆದುಕೊಂಡು ಹೋದನು, ಮತ್ತೆಂದೂ ತರಲಿಲ್ಲ. ಸಮಾಸ ಬಿಡಿಸುವುದನ್ನು ಚೆನ್ನಾಗಿಯೇ ಕಲಿತನು.

ಈಚೆಗೆ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಅವನ ಭೇಟಿಯಾಯಿತು. ಈಗ ಹೊಲ-ಮನೆಗಳ ಮೋಜಣಿ ಮಾಡುವ ಉದ್ಯೋಗದಲ್ಲಿದ್ದಾನೆ. ಆ ನೋಟ್‌ಬುಕ್ಕು ಏನಾಯಿತೆಂದು ಕೇಳಿದೆ. "ಅದು ಆವಾಗೇ ರದ್ದಿಗೆ ಹೋತ್ರಿ ಸರ" ಎಂದು ನಕ್ಕನು. ಆ ನಗುವಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ವಿಚಾರ ಮಾಡಿ ನೋಡಿದರೆ, ನಾನು ಅಂದು ಕೇಳಿದ ಪ್ರಶ್ನೆ ಶಾಸ್ತ್ರದೃಷ್ಟಿಯಿಂದ ಸರಿಯಾದದ್ದೇ. ಕೇಳಿದ ಧಾಟಿ ಮಾತ್ರ ಸಂತೆಯದು. ಪ್ರಯೋಜನವೆಂಬುದು ನಮ್ಮ ಅಲಂಕಾರಶಾಸ್ತ್ರದಲ್ಲಿ ಬಹು ಗೌರವದ ಮಾತು. ೧೧ನೆಯ ಶತಮಾನದ ಕಾಶ್ಮೀರದ ಮಮ್ಮಟನು ಕಾವ್ಯಪ್ರಕಾಶದ ಮಂಗಳಶ್ಲೋಕದಲ್ಲಿಯೇ ಕವಿಯ ಸೃಷ್ಟಿಯನ್ನು ಬ್ರಹ್ಮನ ಸೃಷ್ಟಿಯೊಡನೆ ತೂಗಿ, ಕವಿಯದಕ್ಕೇ ಹೆಚ್ಚಿನ ಮನ್ನಣೆ ಕೊಡುತ್ತಾನೆ. ಬ್ರಹ್ಮನ ಲೋಕವು ನಿಯತಿಯ ಕಟ್ಟಳೆಗೆ ಒಳಗಾದದ್ದು. ಕವಿಯ ಲೋಕವು ಹಾಗಲ್ಲ. ಬ್ರಹ್ಮನದರಲ್ಲಿ ರುಚಿಗಳು ಆರು, ಅವುಗಳಲ್ಲಿಯೂ ಕಹಿ ಒಂದಿದೆ. ಕವಿಯದರಲ್ಲಿ ರಸಗಳು ಒಂಬತ್ತು, ಎಲ್ಲವೂ ಹೃದ್ಯವೇ. ಇಷ್ಟು ಸ್ವಾತಂತ್ರ್ಯವನ್ನು ಕೊಟ್ಟ ಆಚಾರ್ಯನು ಆ ಕೂಡಲೇ ಎರಡು ವಿಷಯಗಳನ್ನು ವಿಧಿಸುತ್ತಾನೆ. ಇದು ಏತಕ್ಕಾಗಿ ಎಂಬ ಪ್ರಯೋಜನ ಮೊದಲನೆಯದು, ಇದು ಎಲ್ಲಿಂದ ಹುಟ್ಟಿತು ಎಂಬ ಹೇತು ಎರಡನೆಯದು. ಹೇತುವನ್ನು ಹೇಳುವಾಗ ಶಕ್ತಿ, ಲೋಕ-ಶಾಸ್ತ್ರ-ಕಾವ್ಯಗಳನ್ನು ನೋಡಿ ಬಂದ ನಿಪುಣತೆ, ಬಲ್ಲವರ ಬಳಿ ಮಾಡಿದ ಅಭ್ಯಾಸ ಎಂದು ಮೂರನ್ನು ಎಣಿಸಿ, ಇವು ಮೂರು ಹೇತುಗಳಲ್ಲ, ಮೂರೂ ಕೂಡಿ ಒಂದೇ ಹೇತು ಎಂದು ವೃತ್ತಿಯಲ್ಲಿ ಸ್ಪಷ್ಟಪಡಿಸಿರುವುದು ಗಮನಾರ್ಹ. ನನ್ನ ವಿದ್ಯಾರ್ಥಿಯಲ್ಲಿ ಶಕ್ತಿ ಇತ್ತು. ಮಿಕ್ಕ ಎರಡಕ್ಕೆ ದಾರಿ ತೋರಬೇಕಾದವನು ನಾನು.

ಇಂದಿನ ತರುಣರು ‘ಫ್ಯಾಂಟಸಿ’ ಎಂದು ಕರೆಯುವ ಕಥಾಪ್ರಕಾರದಲ್ಲಿ ಲೇಖಕನು ಪಾತ್ರಗಳನ್ನಷ್ಟೇ ಅಲ್ಲದೆ, ಅವು ನಡೆದಾಡುವ ನೆಲ, ಆಕಾಶ, ಭಾಷೆ, ಇತಿಹಾಸಗಳನ್ನೂ ತಾನೇ ನಿರ್ಮಿಸಬೇಕಾಗುತ್ತದೆ. ಇದು ಪಾಶ್ಚಾತ್ಯರಿಂದ ಬಂದ ಹೊಸ ವಿದ್ಯೆಯೆಂದು ನಮ್ಮಲ್ಲಿ ಅನೇಕರ ಎಣಿಕೆ. ಕಾದಂಬರಿಯ ಅಚ್ಛೋದ ಸರೋವರವನ್ನು ಬಲ್ಲವರು ಹಾಗೆ ಹೇಳಲಾರರು. ಆದರೆ ಹಳೆಯದು ನಮ್ಮಲ್ಲಿತ್ತು ಎಂದು ಬೀಗುವುದರಿಂದ ಹುಡುಗರ ನೋಟ್‌ಬುಕ್ಕಿಗೆ ಉಪಕಾರವಾಗದು. ಹಳೆಯದರಲ್ಲಿ ಉಪಯೋಗಕ್ಕೆ ಬರುವ ಸಾಮಗ್ರಿ ಯಾವುದೆಂಬುದನ್ನು ನೋಡಬೇಕು. ಆ ದೃಷ್ಟಿಯಿಂದ ನಾನು ಮೊದಲು ತೆರೆಯುವ ಗ್ರಂಥ ರಾಜಶೇಖರನ ಕಾವ್ಯಮೀಮಾಂಸೆ.

ಕ್ರಿ.ಶ. ೯೦೦ರ ಆಸುಪಾಸಿನಲ್ಲಿ ಕನೂಜದ ಆಸ್ಥಾನದಲ್ಲಿದ್ದ ಈ ಆಚಾರ್ಯನು ಹದಿನೆಂಟು ಅಧಿಕರಣಗಳ ಗ್ರಂಥವನ್ನು ಸಂಕಲ್ಪಿಸಿದ್ದನು. ನಮಗೆ ದೊರೆತಿರುವುದು ‘ಕವಿರಹಸ್ಯ’ವೆಂಬ ಮೊದಲನೆಯದೊಂದೇ. ಆ ಒಂದರಲ್ಲಿಯೇ ಕವಿಯ ಕಸುಬಿನ ಒಳಮರ್ಮವೆಲ್ಲ ಇದೆ. ಕಾವ್ಯದ ಅರ್ಥಗಳು ಎಲ್ಲಿಂದ ಹುಟ್ಟುತ್ತವೆ ಎಂಬುದಕ್ಕೆ ಶ್ರುತಿ, ಸ್ಮೃತಿ, ಇತಿಹಾಸ, ಪುರಾಣ, ಲೋಕ ಮೊದಲಾಗಿ ಹನ್ನೆರಡು ಮೂಲಗಳನ್ನು ಪೂರ್ವಾಚಾರ್ಯರು ಹೇಳಿದ್ದರು. ರಾಜಶೇಖರನು ನಾಲ್ಕನ್ನು ಸೇರಿಸಿ ಹದಿನಾರು ಮಾಡುತ್ತಾನೆ. ಅವನು ಸೇರಿಸಿದ ಉಚಿತಸಂಯೋಗ, ಯೋಕ್ತೃಸಂಯೋಗ, ಉತ್ಪಾದ್ಯಸಂಯೋಗ, ಸಂಯೋಗವಿಕಾರ ಎಂಬ ನಾಲ್ಕರಲ್ಲಿಯೂ ‘ಸಂಯೋಗ’ವೆಂಬ ಮಾತಿದೆ. ಹೊಸದೆಂದು ನಾವು ಕರೆಯುವುದು ಬಹುಮಟ್ಟಿಗೆ ಕಂಡ ವಸ್ತುಗಳ ಕಾಣದ ಕೂಡಿಕೆ ಎಂಬ ತಿಳಿವು ಇದರಲ್ಲಿ ಅಡಗಿದೆ ಎಂದು ನನ್ನ ಗ್ರಹಿಕೆ. ರೆಕ್ಕೆಯುಳ್ಳ ಕುದುರೆಯೂ ಅಷ್ಟೇ. ರೆಕ್ಕೆಯನ್ನೂ ಕುದುರೆಯನ್ನೂ ಪ್ರತ್ಯೇಕವಾಗಿ ಚೆನ್ನಾಗಿ ನೋಡಿದವನು ಮಾತ್ರ ಅವೆರಡನ್ನು ಕೂಡಿಸಬಲ್ಲನು.

ಇದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಅವನ ಕವಿಸಮಯ ವಿಚಾರ. ಕವಿಗಳ ಜಗತ್ತಿನಲ್ಲಿ ನದಿಗಳಲ್ಲಿಯೂ ತಾವರೆ ಅರಳುತ್ತದೆ, ನೀರಿದ್ದಲ್ಲೆಲ್ಲ ಹಂಸವಿರುತ್ತದೆ. ಗಂಧದ ಮರಕ್ಕೆ ಹೂವೂ ಇಲ್ಲ, ಹಣ್ಣೂ ಇಲ್ಲ. ಮುತ್ತು ತಾಮ್ರಪರ್ಣಿಯಲ್ಲಿ ಮಾತ್ರ, ಭೂರ್ಜವೃಕ್ಷ ಹಿಮಾಲಯದಲ್ಲಿ ಮಾತ್ರ. ಕೀರ್ತಿ ಬಿಳುಪು, ಅಪಕೀರ್ತಿ ಕಪ್ಪು, ಅನುರಾಗ ಕೆಂಪು. ಪಾಠ ಹೇಳುವಾಗ ನಾವು ಇವನ್ನು ಕಂಠಪಾಠದ ಪಟ್ಟಿಯಂತೆ ಒಪ್ಪಿಸಿ ಮುಗಿಸುತ್ತೇವೆ. ಆದರೆ ಇದು ಏನು? ಇರುವ ಲೋಕಕ್ಕೆ ಪಕ್ಕದಲ್ಲಿ ಇನ್ನೊಂದು ಲೋಕ, ಅದಕ್ಕೆ ತನ್ನದೇ ಸಸ್ಯಶಾಸ್ತ್ರ, ತನ್ನದೇ ವರ್ಣವ್ಯವಸ್ಥೆ, ತನ್ನದೇ ಭೂಗೋಲ. ಸಾವಿರ ವರ್ಷ ಕವಿಗಳೆಲ್ಲರೂ ಆ ಲೋಕದಲ್ಲಿ ಒಪ್ಪಂದದಿಂದ ವಾಸಮಾಡಿದರು. ಇಲ್ಲದ್ದನ್ನು ಹೇಳುವುದರ ಜೊತೆಗೆ ಇದ್ದದ್ದನ್ನು ಹೇಳದೆ ಬಿಡುವುದೂ ಆ ಒಪ್ಪಂದದಲ್ಲಿ ಸೇರಿತ್ತು. ಏಳು ರಾಜ್ಯಗಳ ನಮ್ಮ ಹುಡುಗನಿಗೆ ಈ ಎರಡನೆಯ ಪಾಠವನ್ನು ಯಾರೂ ಹೇಳಲಿಲ್ಲ. ಅವನ ಲೋಕದಲ್ಲಿ ಎಲ್ಲವೂ ಇತ್ತು, ಇಲ್ಲದ್ದು ಒಂದೂ ಇರಲಿಲ್ಲ.

ಕೊನೆಯ ಎರಡು ಅಧ್ಯಾಯಗಳು ದೇಶವಿಭಾಗ ಮತ್ತು ಕಾಲವಿಭಾಗ. ಯಾವ ಸೀಮೆಯಲ್ಲಿ ಯಾವ ಗಿರಿ, ಯಾವ ನದಿ, ಯಾವ ಬೆಳೆ; ಯಾವ ಋತುವಿನಲ್ಲಿ ಯಾವ ಗಾಳಿ, ಯಾವ ಹೂವು. ಇದನ್ನು ತಿಳಿಯದೆ ಬರೆಯುವವನು ಕಲ್ಪನೆ ಮಾಡುವಾಗಲೂ ಎಡವುತ್ತಾನೆ ಎಂಬುದು ಆಚಾರ್ಯನ ಅಭಿಪ್ರಾಯ. ಈ ಮಾತಿಗೆ ನನಗೆ ಅತ್ಯುತ್ತಮ ನಿದರ್ಶನ ದೊರೆತದ್ದು, ಆಶ್ಚರ್ಯವೆಂದರೆ, ಸಂಸ್ಕೃತದಲ್ಲಿಯೂ ಅಲ್ಲ, ಕನ್ನಡದಲ್ಲಿಯೂ ಅಲ್ಲ. ನಮ್ಮ ಶಾಲೆಯ ಇಂಗ್ಲಿಷ್ ಅಧ್ಯಾಪಕರೊಬ್ಬರು ಬಿಡುವಿನ ವೇಳೆಯಲ್ಲಿ ಒಂದು ಇಡೀ ವರ್ಷ ಓದಿ ಅರ್ಥ ಹೇಳಿದ ಟೋಲ್ಕಿನ್ ಮಹಾಶಯನ ಗ್ರಂಥಗಳಲ್ಲಿ ಅದು ದೊರೆಯಿತು.

ಜೆ.ಆರ್.ಆರ್. ಟೋಲ್ಕಿನ್ ೧೮೯೨ರಲ್ಲಿ ಹುಟ್ಟಿದವನು. ೧೯೨೫ರಿಂದ ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕನಾಗಿದ್ದನು. ಎಂದರೆ, ನಮ್ಮ ಹಾಗೆಯೇ ಹಳಗನ್ನಡದಂತಹ ಹಳೆಯ ನುಡಿಯೊಂದರ ಪಂಡಿತ. ‘ದ ಹಾಬಿಟ್’ ೧೯೩೭ರಲ್ಲಿಯೂ, ‘ದ ಲಾರ್ಡ್ ಆಫ್ ದ ರಿಂಗ್ಸ್’ ಮೂರು ಸಂಪುಟಗಳಾಗಿ ೧೯೫೪–೫೫ರಲ್ಲಿಯೂ ಪ್ರಕಟವಾದವು. ಇವುಗಳ ಕಥೆ ನಡೆಯುವುದು ‘ಮಿಡ್ಲ್ ಅರ್ತ್’ ಎಂಬ ಕಲ್ಪಿತ ಭೂಮಂಡಲದಲ್ಲಿ. ಓದುಗರು ಅವನ ನಕ್ಷೆಗಳನ್ನೂ ವಂಶಾವಳಿಗಳನ್ನೂ ಕಂಡು ಬೆರಗಾಗುತ್ತಾರೆ, ಅನುಕರಿಸುತ್ತಾರೆ. ನನ್ನ ವಿದ್ಯಾರ್ಥಿಯ ಹನ್ನೊಂದು ತಳಿಯ ಕುದುರೆಗಳಿಗೂ ದೂರದ ಮೂಲ ಅಲ್ಲಿಯೇ ಇದ್ದೀತು. ಆದರೆ ಅವನು ನಕ್ಷೆಗಿಂತ ಮೊದಲು ಮಾಡಿದ್ದು ಭಾಷೆಗಳನ್ನು. ಕ್ವೆನ್ಯಾ ಎಂಬ ನುಡಿಯ ಧ್ವನಿಯಲ್ಲಿ ಫಿನ್ನಿಷ್ ಭಾಷೆಯ ಛಾಯೆಯಿದೆ, ಸಿಂಡಾರಿನ್ ಎಂಬುದರಲ್ಲಿ ವೆಲ್ಷ್ ಭಾಷೆಯ ಛಾಯೆಯಿದೆ. ಆ ನುಡಿಗಳನ್ನಾಡಲು ಜನ ಬೇಕು, ಜನಕ್ಕೆ ಊರು ಬೇಕು, ಊರಿಗೆ ಇತಿಹಾಸ ಬೇಕು. ಹೀಗೆ ಲೋಕವು ಬೆಳೆಯಿತು. ಕಥೆಗಾಗಿ ಭಾಷೆಯಲ್ಲ, ಭಾಷೆಗಾಗಿ ಕಥೆ ಎಂದು ಅವನೇ ಹೇಳಿಕೊಂಡಿದ್ದಾನೆ. ವ್ಯಾಕರಣದ ಪಂಡಿತನಿಗೆ ಇದಕ್ಕಿಂತ ಸಂತೋಷದ ಸುದ್ದಿ ಏನಿದೆ!

ಅವನ ಹೇತು ಎಂತಹ ಸಣ್ಣ ಕಾಳಿನಿಂದ ಮೊಳೆಯುತ್ತಿತ್ತು ಎಂಬುದಕ್ಕೆ ಒಂದು ಪ್ರಸಂಗವನ್ನು ಹೇಳಬೇಕು. ಪ್ರಾಚೀನ ಇಂಗ್ಲಿಷಿನಲ್ಲಿ ‘ಎಂಟ್’ ಎಂಬ ಶಬ್ದವಿದೆ. ದೈತ್ಯನೆಂದು ಅರ್ಥ, ನಮ್ಮ ಸಂಖ್ಯೆಗೆ ಸಂಬಂಧವಿಲ್ಲ. ಹಳೆಯ ಕಲ್ಲುಕಟ್ಟಡಗಳ ಪಾಳನ್ನು ಕಂಡ ಆ ಕಾಲದ ಕವಿಗಳು ಅವನ್ನು ಎಂಟರು ಕಟ್ಟಿದ್ದೆಂದು ಕರೆಯುತ್ತಿದ್ದರು. ಈ ಒಂದು ಶಬ್ದ ಟೋಲ್ಕಿನ್ನನ ಮನಸ್ಸಿನಲ್ಲಿ ಕುಳಿತಿತ್ತು. ಇನ್ನೊಂದು ಕಡೆ, ಬಾಲ್ಯದಲ್ಲಿ ಶಾಲೆಯಲ್ಲಿ ಓದಿದ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಮೇಲೆ ಅವನಿಗೆ ಒಂದು ಅಸಮಾಧಾನವಿತ್ತು. ಕಾಡು ಬೆಟ್ಟಕ್ಕೆ ನಡೆದುಬರುತ್ತದೆಂದು ಭವಿಷ್ಯ ಹೇಳಿ, ಕೊನೆಗೆ ಸೈನಿಕರು ಟೊಂಗೆಗಳನ್ನು ಹಿಡಿದು ಬಂದರೆ ಅದೆಂತಹ ಕಾಡು? ಮರಗಳು ನಿಜವಾಗಿಯೇ ಯುದ್ಧಕ್ಕೆ ಹೊರಟರೆ ಹೇಗಿರುತ್ತದೆಂದು ಆ ಬಾಲಕನು ಆಗಲೇ ಬಯಸಿದ್ದನು. ಒಂದು ಶಬ್ದ, ಒಂದು ಅಸಮಾಧಾನ. ಎರಡರ ಸಂಯೋಗದಿಂದ ಮರರೂಪದ, ಮೆಲ್ಲನೆ ಮಾತಾಡುವ ಎಂಟರು ಹುಟ್ಟಿದರು. ಓದಿ ಸಂತೋಷಪಟ್ಟದ್ದಷ್ಟೇ ಪ್ರೇರಣೆಯಲ್ಲ, ಓದಿ ಮುನಿಸಿಕೊಂಡದ್ದೂ ಪ್ರೇರಣೆಯೇ. ‘ಯಾವ ಪದ್ಯ ನಿನಗೆ ಹಿಡಿಸಲಿಲ್ಲ, ಏಕೆ?’ ಎಂದು ತರಗತಿಯಲ್ಲಿ ನಾವು ಕೇಳುವುದೇ ಇಲ್ಲ.

ದೇಶ-ಕಾಲಗಳ ವಿಷಯದಲ್ಲಿಯಂತೂ ಅವನು ರಾಜಶೇಖರನ ಪಂಕ್ತಿಯವನು. ಮೊದಲು ನಕ್ಷೆಯನ್ನಿಟ್ಟುಕೊಂಡು ಅನಂತರ ಕಥೆಯನ್ನು ಅದಕ್ಕೆ ಹೊಂದಿಸಿದ್ದಾಗಿ ಒಂದು ಪತ್ರದಲ್ಲಿ ಹೇಳಿದ್ದಾನೆ. ಬೇರೆ ಬೇರೆ ದಾರಿಯಲ್ಲಿ ಹೋದ ಪಾತ್ರಗಳು ಒಂದೇ ರಾತ್ರಿ ನೋಡುವ ಚಂದ್ರನ ಕಲೆ ಒಂದೇ ಆಗಿರಬೇಕೆಂದು, ಬರೆದಾದ ಮೇಲೆ ದಿನಗಳನ್ನು ತಿರುಗಿ ಲೆಕ್ಕ ಹಾಕಿ ತಿದ್ದಿದ್ದಾನೆ. ಒಬ್ಬನೇ ಚಂದ್ರನಿಗೆ ಇಷ್ಟು ಶ್ರಮ! ಮೂರು ಚಂದ್ರರನ್ನು ಒಂದು ಸಾಲಿನಲ್ಲಿ ಬರೆದುಬಿಡುವುದು ಸುಲಭ. ೧೯೩೯ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸದಲ್ಲಿ ಅವನು ಇದನ್ನೇ ಹಸಿರು ಸೂರ್ಯನ ಉದಾಹರಣೆಯಿಂದ ವಿವರಿಸಿದನು. ಹಸಿರು ಸೂರ್ಯ ಎಂದು ಯಾರು ಬೇಕಾದರೂ ಹೇಳಬಹುದು. ಆ ಸೂರ್ಯನು ಸಹಜನೆಂದು ತೋರುವ ಲೋಕವನ್ನು ಕಟ್ಟುವುದಕ್ಕೆ ಮಾತ್ರ ಪರಿಶ್ರಮವೂ ಆಲೋಚನೆಯೂ ಬೇಕು ಎಂಬುದು ಅದರ ಸಾರ.

ಅವನ ಪ್ರಯೋಜನವೇನು? ಭಾಷೆಗಳಿಗೊಂದು ಮನೆ ಎಂಬುದು ಒಂದು. ಇದಲ್ಲದೆ, ಫಿನ್ಲೆಂಡಿನ ವೈದ್ಯ ಎಲಿಯಾಸ್ ಲೋನ್‌ರೋಟ್ ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿ ೧೮೩೫ರಲ್ಲಿಯೂ, ವಿಸ್ತರಿಸಿ ೧೮೪೯ರಲ್ಲಿಯೂ ಪ್ರಕಟಿಸಿದ ‘ಕಲೇವಲ’ವನ್ನು ತಾರುಣ್ಯದಲ್ಲಿ ಓದಿದಾಗ, ಇಂಗ್ಲೆಂಡಿಗೆ ತನ್ನದೆನ್ನುವ ಇಂತಹ ಪುರಾಣವಿಲ್ಲವೆಂಬ ಕೊರತೆ ಅವನಿಗೆ ನಾಟಿತು. ಅಂತಹದೊಂದನ್ನು ಕಟ್ಟಿ ತನ್ನ ನಾಡಿಗೆ ಅರ್ಪಿಸಬೇಕೆಂದು ಹಂಬಲಿಸಿದನು. ಆ ಹಂಬಲದ ಉಬ್ಬರ ಕಾಲಕ್ರಮದಲ್ಲಿ ಇಳಿಯಿತೆಂದು ಅವನೇ ಒಪ್ಪಿಕೊಂಡಿದ್ದಾನೆ. ಇಳಿದರೂ ಅದು ಅವನ ಆಯ್ಕೆಗಳನ್ನು ನಡೆಸಿತು. ಹಾಬಿಟ್ಟರ ಊರಿನ ಗಿರಣಿ, ಹೊಲ, ಬೇಲಿಗಳು ಬರ್ಮಿಂಗ್‌ಹ್ಯಾಮಿನ ಬಳಿಯ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ ಅವನು ಹುಡುಗನಾಗಿದ್ದಾಗ ಕಂಡವು. ಎಷ್ಟು ದೂರದ ಲೋಕವನ್ನು ಕಟ್ಟಿದರೂ ಕಾಲಿಟ್ಟು ನಿಂತ ನೆಲ ಅದೇ.

ಕಾಲಿಟ್ಟು ನಿಂತ ನೆಲವೆಂದೊಡನೆ ಕನ್ನಡ ಕಾವ್ಯವನ್ನು ಓದಿದವರಿಗೆ ಬನವಾಸಿ ನೆನಪಾಗದೆ ಇರದು. ವರದಾ ನದಿಯ ದಂಡೆಯ ಈ ಊರು, ಮಧುಕೇಶ್ವರನ ಗುಡಿಯೊಡನೆ, ಇಂದಿಗೂ ಉತ್ತರ ಕನ್ನಡ ಜಿಲ್ಲೆಯಲ್ಲಿದೆ. ಶಾಲಾ ಪ್ರವಾಸದಲ್ಲಿ ನಮ್ಮ ಮಕ್ಕಳು ನೋಡಿ ಬಂದಿದ್ದಾರೆ. ಈ ಒಂದೇ ಊರನ್ನು ಐದು ಶತಮಾನಗಳ ಅವಧಿಯಲ್ಲಿ ಮೂವರು ಕವಿಗಳು ಮೂರು ಕಲ್ಪಿತ ಲೋಕಗಳಲ್ಲಿ ನಿಲ್ಲಿಸಿದರು. ಹೇತು ಒಂದೇ ಇದ್ದು ಪ್ರಯೋಜನ ಬೇರೆಯಾದಾಗ ಏನಾಗುತ್ತದೆಂಬುದನ್ನು ತೋರಿಸಲು ಇದಕ್ಕಿಂತ ಉತ್ತಮ ಉದಾಹರಣೆ ನನಗೆ ತಿಳಿದಂತೆ ಇಲ್ಲ.

ಪಂಪನು ೯೪೧ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಬರೆದಾಗ, ತನ್ನ ಆಶ್ರಯದಾತನಾದ ವೇಮುಲವಾಡದ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸುವುದು ಅವನ ಗುರಿಯಾಗಿತ್ತು. ತೀರ್ಥಯಾತ್ರೆಗೆ ಹೊರಟ ಅರ್ಜುನನು ವ್ಯಾಸಭಾರತದಲ್ಲಿ ಕಾಣದ ಬನವಾಸಿಯನ್ನು ಇಲ್ಲಿ ಕಾಣುತ್ತಾನೆ. ಕಾಣುವ ಕಣ್ಣು ಅರ್ಜುನನದೋ ಪಂಪನದೋ ಎಂದು ಓದುಗನಿಗೆ ತಿಳಿಯದಷ್ಟು ಹಂಬಲ ಅಲ್ಲಿದೆ. ಗುರಿ ಒಮ್ಮೆ ನಿಶ್ಚಿತವಾದ ಮೇಲೆ ಅದು ಲೋಕದ ಮೂಲೆಮೂಲೆಗೂ ತಲುಪಬೇಕಾಗುತ್ತದೆ. ನಾಯಕನ ಗೌರವಕ್ಕಾಗಿ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿ ಮಾಡಿದನು. ಆದರೆ ದುಶ್ಶಾಸನನನ್ನು ಕೊಂದು ಅವಳ ಮುಡಿಯನ್ನು ಕಟ್ಟುವವನು ಭೀಮನಾಗಿಯೇ ಉಳಿದನು. ಹೊಸ ಲೋಕದ ನಿಯಮವೂ ಹಳೆಯ ಕಥೆಯ ಪ್ರಸಿದ್ಧಿಯೂ ಇಲ್ಲಿ ಒಂದಕ್ಕೊಂದು ತಾಗುತ್ತವೆಂದು ವಿಮರ್ಶಕರು ತೋರಿಸಿದ್ದಾರೆ. ಆದಿಕವಿಗೇ ಈ ತೊಡಕು ಬಂದಿದ್ದರೆ ಒಂಬತ್ತನೆಯ ತರಗತಿಯವನ ಮೇಲೆ ನಾವು ಅಷ್ಟು ಕಠಿಣರಾಗಬೇಕಿಲ್ಲ.

೧೨ನೆಯ ಶತಮಾನದ ನೇಮಿಚಂದ್ರನ ಲೀಲಾವತಿಯಲ್ಲಿ ಅದೇ ಬನವಾಸಿ ಜಯಂತೀಪುರವೆಂಬ ಹೆಸರಿನಲ್ಲಿ ಬರುತ್ತದೆ. ಅಲ್ಲಿಯ ರಾಜಕುಮಾರ ಕಂದರ್ಪನು ಕುಸುಮಪುರದ ಲೀಲಾವತಿಯನ್ನು ಕನಸಿನಲ್ಲಿ ಕಾಣುತ್ತಾನೆ. ಅವಳೂ ಇವನನ್ನು ಕನಸಿನಲ್ಲಿ ಕಾಣುತ್ತಾಳೆ. ಸುಬಂಧುವಿನ ವಾಸವದತ್ತೆಯ ದಾರಿ ಇದು. ಶೃಂಗಾರವೇ ಪ್ರಯೋಜನವಾದ ಕಾರಣ ಇಲ್ಲಿಯ ಊರಿನಲ್ಲಿ ಧೂಳು ಏಳುವುದಿಲ್ಲ. ಕಪಿಗಳು ಕಡಲನ್ನು ಕಟ್ಟಿದ್ದರೂ ಕಟ್ಟಿರದಿದ್ದರೂ ಕವಿಗಳು ಕಟ್ಟಿದ್ದು ಸತ್ಯವೆಂಬ ಅರ್ಥದ ಪ್ರಸಿದ್ಧವಾದ ಮಾತೂ ಈ ಕವಿಯದೇ.

ಚಾಮರಸನದು ಮೂರನೆಯ ಬನವಾಸಿ. ಪ್ರೌಢದೇವರಾಯನ ಕಾಲದ, ೧೫ನೆಯ ಶತಮಾನದ ಈ ಕವಿಯ ಪ್ರಭುಲಿಂಗಲೀಲೆಯ ಹಿರಿಮೆ ಅರಿಯಬೇಕಾದರೆ ಹರಿಹರನ ಪ್ರಭುದೇವರ ರಗಳೆಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಹರಿಹರನ ಅಲ್ಲಮನು ಕಮಲತೆಯೆಂಬವಳನ್ನು ಒಲಿದು, ಅವಳು ತೀರಿಕೊಂಡಾಗ ಹುಚ್ಚನಂತೆ ಅಲೆದು, ನೆಲದಲ್ಲಿ ಹೂತಿದ್ದ ಗುಡಿಯ ಕಳಸವನ್ನು ಕಂಡು ಅಗೆದು, ಒಳಹೊಕ್ಕು ಅನಿಮಿಷನಿಂದ ಲಿಂಗವನ್ನು ಪಡೆಯುತ್ತಾನೆ. ದುಃಖದ ಬಾಗಿಲಿನಿಂದ ಒಳಗೆ ಹೋದ ಮನುಷ್ಯ ಅವನು. ಚಾಮರಸನ ಪ್ರಯೋಜನವೇ ಬೇರೆ. ಮಾಯೆಯ ಕೈಗೆ ಎಂದೂ ಸಿಕ್ಕದ ಅಲ್ಲಮನನ್ನು ಅವನು ತೋರಿಸಬೇಕಾಗಿತ್ತು. ಅದಕ್ಕಾಗಿ ಅವನು ಪ್ರಪಂಚವನ್ನೇ ಬೇರೆಯಾಗಿ ಕಟ್ಟಿದನು. ಕೈಲಾಸದಲ್ಲಿ ಶಿವ-ಪಾರ್ವತಿಯರ ವಾದದಿಂದ ಕಥೆ ಹೊರಡುತ್ತದೆ. ಪಾರ್ವತಿಯ ತಾಮಸ ಕಳೆ ಬನವಾಸಿಯಲ್ಲಿ ರಾಜ ಮಮಕಾರ, ರಾಣಿ ಮೋಹಿನಿಯರ ಮಗಳು ಮಾಯಾದೇವಿಯಾಗಿ ಹುಟ್ಟುತ್ತದೆ. ಅಲ್ಲಮನ ತಂದೆತಾಯಿಗಳು ನಿರಹಂಕಾರ, ಸುಜ್ಞಾನಿ. ಹೆಸರುಗಳನ್ನು ಕೇಳಿದರೆ ಸಾಕು, ಆ ಲೋಕದಲ್ಲಿ ಯಾರಿಂದ ಯಾರು ಹುಟ್ಟಬಲ್ಲರು, ಯಾರು ಯಾರಿಗೆ ದಕ್ಕರು ಎಂಬ ಕಟ್ಟಳೆ ತಿಳಿಯುತ್ತದೆ. ನಲವತ್ತು ರಾಜರ ವಂಶಾವಳಿ ಮಾಡದ ಕೆಲಸವನ್ನು ನಾಲ್ಕು ಹೆಸರುಗಳು ಮಾಡಿವೆ.

ಇನ್ನೂ ಒಂದು ಸೂಕ್ಷ್ಮವಿದೆ. ಮಾಯೆ ಅಪ್ಪಲು ಹೋದರೆ ಅಲ್ಲಮನು ಕೈಗೆ ಸಿಕ್ಕುವುದಿಲ್ಲ. ಮುಂದೆ ಬಹುದೂರ ಹೋದ ಮೇಲೆ ಗೋರಕ್ಷನ ಪ್ರಸಂಗ ಬರುತ್ತದೆ. ವಜ್ರದಂತೆ ದೇಹವನ್ನು ಸಾಧಿಸಿದ ಗೋರಕ್ಷನ ಮೇಲೆ ಖಡ್ಗ ಬಿದ್ದರೆ ಸದ್ದಾಗುತ್ತದೆ; ಅಲ್ಲಮನ ಮೇಲೆ ಬೀಸಿದ ಖಡ್ಗ ಬಯಲಿನಲ್ಲಿ ಹಾಯ್ದಂತೆ ಹಾಯ್ದುಹೋಗುತ್ತದೆ. ಅಪ್ಪುಗೆಗೆ ಸಿಕ್ಕದ ದೇಹ ಅಲಗಿಗೂ ಸಿಕ್ಕದು. ಕಾವ್ಯದ ಆರಂಭದಲ್ಲಿ ಶೃಂಗಾರದ ಸಂದರ್ಭದಲ್ಲಿ ಇಟ್ಟ ನಿಯಮವನ್ನು ಕವಿ ಅದ್ಭುತದ ಸಂದರ್ಭದಲ್ಲಿಯೂ ಮುರಿಯಲಿಲ್ಲ. ಟೋಲ್ಕಿನ್ ಚಂದ್ರನ ಕಲೆಗಳನ್ನು ಎಣಿಸಿದ್ದೂ ಇದೇ ಶಿಸ್ತು. ಆನಂದವರ್ಧನನು ಧ್ವನ್ಯಾಲೋಕದಲ್ಲಿ, ಇತಿಹಾಸದಿಂದ ಬಂದ ಸನ್ನಿವೇಶವಾದರೂ ರಸಕ್ಕೆ ಹೊಂದದಿದ್ದರೆ ಕವಿ ಅದನ್ನು ಬಿಟ್ಟು ಹೊಂದುವಂತಹದನ್ನು ಕಲ್ಪಿಸಿಕೊಳ್ಳಬೇಕೆಂದಿದ್ದಾನೆ. ಚಾಮರಸನು ಹರಿಹರನ ಕಮಲತೆಯನ್ನು ಬಿಟ್ಟದ್ದಕ್ಕೆ ಇದೇ ಸಮರ್ಥನೆ. ವೈಯಕ್ತಿಕವಾಗಿ ನನಗೆ ಹರಿಹರನ ಅಲ್ಲಮನೇ ಹೆಚ್ಚು ಹತ್ತಿರದವನು. ಅದು ಬೇರೆ ಮಾತು.

ಆಧುನಿಕರಲ್ಲಿ ಆರ್.ಕೆ. ನಾರಾಯಣರ ಮಾಲ್ಗುಡಿ ೧೯೩೫ರಿಂದ, ಚಂದ್ರಶೇಖರ ಕಂಬಾರರ ಶಿವಾಪುರ ‘ಕರಿಮಾಯಿ’ ಮೊದಲಾದ ಕೃತಿಗಳಲ್ಲಿ, ಓದುಗರಿಗೆ ಸ್ವಂತ ಊರಿನಷ್ಟೇ ಪರಿಚಿತವಾಗಿವೆ. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಕಂಬಾರರಿಗೆ ಶಿವಾಪುರವನ್ನು ಹುಡುಕಲು ದೂರ ಹೋಗಬೇಕಾಗಲಿಲ್ಲ.

ಇನ್ನು ಅಧ್ಯಾಪಕ ಮಿತ್ರರಿಗೆ ಉಪಯೋಗಕ್ಕೆ ಬರಬಹುದಾದ ಒಂದು ಅನುಭವ. ಕಳೆದ ವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅಂತಹದೇ ನೋಟ್‌ಬುಕ್ಕನ್ನು ತಂದಳು. ಹಿಮದ ಪರ್ವತ, ಕೋಟೆ, ಬೆಂಕಿಯುಗುಳುವ ಡ್ರ್ಯಾಗನ್, ಏಳು 'ಮಾಯಾಮಣಿ'ಗಳು. ಮೊಬೈಲಿನಲ್ಲಿ ನೋಡಿದ ಚಿತ್ರಗಳ ಸಾಮಗ್ರಿ. ಈ ಸಲ ನಾನು ಪುಸ್ತಕವನ್ನು ಮುಚ್ಚಲಿಲ್ಲ. "ಹಿಮ ನೋಡಿಯೇನು, ತಂಗೀ?" ಎಂದು ಕೇಳಿದೆ. "ಫ್ರಿಜ್ಜಿನಾಗ ನೋಡೇನ್ರಿ ಸರ" ಎಂದಳು. ಇಬ್ಬರೂ ನಕ್ಕೆವು. ಆಮೇಲೆ, ನೆಲದೊಳಗಿನ ಕತ್ತಲೆಯನ್ನು ಎಲ್ಲಿಯಾದರೂ ಕಂಡಿರುವೆಯಾ ಎಂದು ಕೇಳಿದಾಗ ಅವಳು ಬಹಳ ಹೊತ್ತು ಮಾತಾಡಿದಳು. ಅವಳ ಅಜ್ಜನ ಊರಿನಲ್ಲಿ ಹಗೇವು ಇತ್ತು. ಎರೆಸೀಮೆಯ ಹಳಬರಿಗೆ ಹೇಳಬೇಕಾದದ್ದಿಲ್ಲ, ಕಿರಿಯರಿಗಾಗಿ ಹೇಳುತ್ತೇನೆ: ಜೋಳವನ್ನು ವರ್ಷಗಟ್ಟಲೆ ಕಾಯ್ದಿಡಲು ನೆಲದಲ್ಲಿ ತೋಡಿದ ಆಳವಾದ ಕಣಜ ಅದು. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಮುಚ್ಚಿದ ಹಗೇವನ್ನು ತೆರೆದ ಕೂಡಲೇ ಯಾರೂ ಒಳಗೆ ಇಳಿಯಬಾರದು. ಕೆಟ್ಟ ಗಾಳಿ ತುಂಬಿರುತ್ತದೆ, ಇಳಿದವನ ಜೀವಕ್ಕೇ ಅಪಾಯ. ಮೊದಲು ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಕಾಯಬೇಕು. ಅಜ್ಜ ದೀಪ ಇಳಿಬಿಡುವುದನ್ನು ಅವಳು ಕಣ್ಣಾರೆ ಕಂಡಿದ್ದಳು.

"ನಿನ್ನ ಪುಸ್ತಕ ಓದಿ ಮುಗಿಸಿದವರ ಮನಸ್ಸಿನ್ಯಾಗ ಕೊನೆಗೆ ಏನು ಉಳೀಬೇಕು?" ಎಂದು ನಾನು ಎರಡನೆಯ ಪ್ರಶ್ನೆ ಕೇಳಿದೆ. ಇದು ನಾನು ಇಪ್ಪತ್ತೆರಡು ವರ್ಷಗಳ ಹಿಂದೆ ಕೇಳಿದ ಪ್ರಶ್ನೆಯೇ; ಶಬ್ದಗಳು ಮಾತ್ರ ಬೇರೆ. ಉತ್ತರಕ್ಕೆ ಎಂಟು ದಿನ ತೆಗೆದುಕೊಂಡಳು. "ನಮ್ಮಜ್ಜ ತೀರಿಕೊಂಡ ಮ್ಯಾಲೆ ಆ ಹಗೇವು ಮಣ್ಣು ಹಾಕಿ ಮುಚ್ಚಿದ್ರರೀ. ಅದನ್ನ ಮುಚ್ಚಬಾರದಿತ್ತು ಅಂತ ಅನ್ನಿಸಬೇಕ್ರಿ ಸರ" ಎಂದಳು. ನಾನು ಮರುಮಾತಾಡಲಿಲ್ಲ. ಮಮ್ಮಟನು ಹೇಳಿದ ಆರು ಪ್ರಯೋಜನಗಳಲ್ಲಿ ಯಾವುದಕ್ಕೆ ಇದನ್ನು ಸೇರಿಸಬೇಕೆಂದು ಮನೆಗೆ ಹೋಗುವ ದಾರಿಯಲ್ಲಿ ಯೋಚಿಸಿದೆನೆಂದು ಒಪ್ಪಿಕೊಳ್ಳುತ್ತೇನೆ.

ಆ ಉತ್ತರ ಸಿಕ್ಕಿದ ಮೇಲೆ ಅವಳ ಲೋಕ ತಾನಾಗಿಯೇ ಕಿರಿದಾಗತೊಡಗಿತು. ಡ್ರ್ಯಾಗನ್ ಹೋಯಿತು, ಮಣಿಗಳು ಹೋದವು. ಕೋಟೆಯನ್ನು ಬಿಡಲು ಮನಸ್ಸಿಲ್ಲದೆ ಎರಡು ತಿಂಗಳು ಇಟ್ಟುಕೊಂಡಿದ್ದಳು. ಈಗ ಉಳಿದಿರುವುದು ಹಗೇವಿನ ಕೆಳಗಿನ ಒಂದು ನಾಡು. ಅಲ್ಲಿ ಪ್ರತಿಯೊಂದು ಕಾಳಿಗೂ ತನ್ನನ್ನು ಬಿತ್ತಿದವನ ನೆನಪಿರುತ್ತದೆ. ಮೇಲಿನವರು ಇಳಿದು ಹೋಗಬಹುದು, ಆದರೆ ದೀಪ ಉರಿಯುವಷ್ಟು ಹೊತ್ತು ಮಾತ್ರ. ಈ ಒಂದು ನಿಯಮವನ್ನು ಎಲ್ಲಿಯೂ ಮುರಿಯಕೂಡದೆಂದು ಒಪ್ಪಿಸಿದ್ದೇನೆ; ಒಂದು ಕಡೆ ಮುರಿದಿದ್ದಳು, ತೋರಿಸಿದೊಡನೆ ತಾನೇ ತಿದ್ದಿದಳು. ಬೆಳಗ್ಗೆ ಬರೆದುದನ್ನು ದಿನದ ಕೊನೆಯ ಪಹರೆಯಲ್ಲಿ ಪರೀಕ್ಷಿಸಬೇಕು, ರಸಾವೇಶದಲ್ಲಿ ಬರೆಯುವವನಿಗೆ ವಿವೇಚನೆಯ ಕಣ್ಣು ಇರುವುದಿಲ್ಲ ಎಂದು ರಾಜಶೇಖರನು ಕವಿಯ ದಿನಚರಿಯಲ್ಲಿ ಹೇಳಿದ್ದಾನೆ. ನಾವು ಅದನ್ನು ಶನಿವಾರದ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಮಾಡುತ್ತೇವೆ.

ಕೆಳಗಿನ ನಾಡಿನವರು ಮೇಲಿನ ನಮ್ಮ ನೆಲವನ್ನು ಏನೆಂದು ಕರೆಯುತ್ತಾರೆಂದು ಮೊನ್ನೆ ನಾನೇ ಕೇಳಿದೆ. "ಮುಚ್ಚಳ ಅಂತಾರ್ರಿ" ಎಂದಳು, ಬಹಳ ದಿನದಿಂದ ತಿಳಿದಿದ್ದವಳಂತೆ. ಅವಳಿಗೀಗ ಒಂದು ನಕ್ಷೆ ಬೇಕಾಗಿದೆ. ಬರೆದುಕೊಡಲು ಆಗುವುದೇ ಎಂದು ಮೋಜಣಿಯ ಕೆಲಸದಲ್ಲಿರುವ ಆ ಹಳೆಯ ವಿದ್ಯಾರ್ಥಿಗೆ ಹೇಳಿ ಕಳುಹಿಸಿದ್ದೆ. ದೀಪಾವಳಿಯ ರಜೆಯಲ್ಲಿ ಬಣ್ಣದ ಪೆನ್ಸಿಲು ತೆಗೆದುಕೊಂಡು ಬರುತ್ತೇನೆಂದು ತಿಳಿಸಿದ್ದಾನೆ.